ಷರತ್ತಿನ ಮೇಲೆ ಊರುವ ನೀರು

ಟೀವಿ ಚರ್ಚೆಯಲ್ಲಾಗಲಿ ಪತ್ರಿಕೆಯ ಅಂಕಣದಲ್ಲಾಗಲಿ, ಎದುರು ಪಾಳಯದವರು ಯಾವುದೋ ಒಂದು ಮಾತು ಕಿವಿಗೆ ಬಿದ್ದ ಕೂಡಲೇ ಹಿಂದುಮುಂದು ನೋಡದೆ ಎಗರಾಡುತ್ತಾರೆ ಎಂದು ಹೇಳಬೇಕಾದಾಗ, ಬರೆಯುವವರ ಕೈಗೆ ತೀರ ಸಲೀಸಾಗಿ ಸಿಗುವ ಪ್ರಾಣಿಯೊಂದಿದೆ. ಅದು ರಷ್ಯಾದ ವಿಜ್ಞಾನಿ ಪಾವ್ಲೋವನ ನಾಯಿ. ಗಂಟೆ ಬಾರಿಸಿದರೆ ಸಾಕು, ಊಟವಿರಲಿ ಇಲ್ಲದಿರಲಿ, ಜೊಲ್ಲು ಸುರಿಸುತ್ತ ನಿಲ್ಲುವ ಬುದ್ಧಿಗೇಡಿ ಜೀವವೆಂದು ಅದನ್ನು ಚಿತ್ರಿಸಲಾಗುತ್ತದೆ. ಈ ಹೋಲಿಕೆಯನ್ನು ಬಳಸುವವರು ತಮ್ಮನ್ನೇ ಆ ನಾಯಿಯ ಜಾಗದಲ್ಲಿ ನಿಲ್ಲಿಸಿಕೊಂಡದ್ದನ್ನು ನಾನು ಕಂಡಿಲ್ಲ. ಅದು ಯಾವಾಗಲೂ ಪಕ್ಕದ ಮನೆಯವರದೇ ನಾಯಿ. ಬೈಗುಳವಾಗಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಆ ನಾಯಿಯ ಬಾಯಲ್ಲಿ ನಿಜವಾಗಿ ನಡೆದದ್ದೇನು ಎಂದು ಕೇಳಿದರೆ, ಬೈಗುಳಕ್ಕೆ ಬಹುಮಟ್ಟಿಗೆ ವಿರುದ್ಧವಾದ ಉತ್ತರ ಸಿಗುತ್ತದೆ.

ಸೂಚನೆಯೊಂದಕ್ಕೆ ದೇಹ ಹೀಗೆ ಕಲಿತು ಸ್ಪಂದಿಸುವುದಕ್ಕೆ ಕನ್ನಡದಲ್ಲಿ ಪಠ್ಯಪುಸ್ತಕಗಳು ಕೊಟ್ಟಿರುವ ಹೆಸರು ‘ಅನುಬಂಧಿತ ಪ್ರತಿಕ್ರಿಯೆ’. ಡಿ.ಎಡ್., ಬಿ.ಎಡ್. ಓದಿದವರು, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂತವರು ‘ಶಾಸ್ತ್ರೀಯ ಅನುಬಂಧನ’ ಎಂಬ ಪಾಠದಲ್ಲಿ ಇದನ್ನು ಉರು ಹೊಡೆದಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಈ ಪದ ಹೆಚ್ಚು ದೂರ ಬರುವುದಿಲ್ಲ. ಉಳಿದವರಿಗೆ ಅನುಬಂಧವೆಂದರೆ ಸರ್ಕಾರಿ ಆದೇಶದ ಕೊನೆಗೆ ಲಗತ್ತಿಸಿದ ಹಾಳೆ, ಇಲ್ಲವೇ ಜನ್ಮಜನ್ಮಾಂತರದ ನಂಟು. ಆಡುಮಾತಿನಲ್ಲಿ ನಾವು ಹೇಳುವುದು ಅಭ್ಯಾಸಬಲ, ರೂಢಿ, ಕೆಟ್ಟದ್ದಾದರೆ ಚಾಳಿ. ಇವೆಲ್ಲ ಒಳ್ಳೆಯ ಪದಗಳೇ, ಆದರೆ ಇವು ಹೆಸರಿಸುವುದು ಬೇರೆಯೇ ಸಂಗತಿಯನ್ನು.

ಬಸ್ಸು ಗುಡಿಯ ಮುಂದೆ ಹಾಯುವಾಗ ಕೈ ತಾನಾಗಿ ಎದೆಗೆ ಹೋಗುವುದು, ಕರೆಂಟು ಹೋಗಿರುವುದು ಗೊತ್ತಿದ್ದೂ ಕೋಣೆಗೆ ಕಾಲಿಟ್ಟೊಡನೆ ಬೆರಳು ಸ್ವಿಚ್ಚನ್ನು ಒತ್ತುವುದು, ಮನೆ ಬದಲಿಸಿದ ಮೇಲೂ ಸ್ಕೂಟರು ಹಳೆಯ ಬೀದಿಯ ಕಡೆಗೇ ಹೊರಳುವುದು, ಇವು ಅಭ್ಯಾಸಗಳು. ಒಂದು ಕಾಲಕ್ಕೆ ಬೇಕೆಂದೇ ಮಾಡಿದ ಕೆಲಸವನ್ನು, ಅದರಿಂದ ಫಲ ಸಿಕ್ಕಿದ್ದರಿಂದ ಮತ್ತೆ ಮತ್ತೆ ಮಾಡಿ, ಈಗ ಬೇಕು ಎಂದುಕೊಳ್ಳುವ ಮೊದಲೇ ಅದು ನಡೆದುಹೋಗಿರುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಜೀವಮಾನವಿಡೀ ಅಧ್ಯಯನ ಮಾಡಿದ್ದು ಹೆಚ್ಚುಕಡಿಮೆ ಈ ಬಗೆಯ ಕಲಿಕೆಯನ್ನು. ಅನುಬಂಧಿತ ಪ್ರತಿಕ್ರಿಯೆ ಇದಕ್ಕಿಂತ ಒಳಗಿನದು. ಅದು ಕೈಕಾಲಿಗಿಂತ ಹೆಚ್ಚಾಗಿ ಗ್ರಂಥಿಗಳ, ಹೃದಯದ, ಕರುಳಿನ ವ್ಯವಹಾರ. ಬೇಕೆಂದರೆ ಮಾಡಲು ಬಾರದ, ಬೇಡವೆಂದರೆ ತಡೆಯಲು ಬಾರದ ಕೆಲಸ. ಹುಣಸೆಹಣ್ಣನ್ನು ನಾಲಿಗೆಯ ಮೇಲಿಟ್ಟಾಗ ಜೊಲ್ಲು ಬರುವುದನ್ನು ಯಾರೂ ಕಲಿಯಬೇಕಿಲ್ಲ, ಅದು ಹುಟ್ಟಿನಿಂದ ಬಂದ ಪರಾವರ್ತಿತ ಪ್ರತಿಕ್ರಿಯೆ. ಅದೇ ಹಣ್ಣನ್ನು ದೂರದಿಂದ ಕಂಡಾಗ, ಅಥವಾ ಬರೀ ಅದರ ಹೆಸರನ್ನು ಕೇಳಿದಾಗ ಬಾಯಲ್ಲಿ ನೀರೂರುವುದು ಮಾತ್ರ ಕಲಿತದ್ದು. ಹುಣಸೆಯ ರುಚಿಯನ್ನೇ ಕಾಣದೆ ಬೆಳೆದವರ ಮುಂದೆ ಆ ಹೆಸರನ್ನು ನೂರು ಸಲ ಹೇಳಿದರೂ ಅವರ ಬಾಯಿ ಒಣಗಿಯೇ ಇರುತ್ತದೆ. ಅಡುಗೆಮನೆಯಲ್ಲಿ ಓಡಾಡಿದ ಎಲ್ಲರಿಗೂ ತಿಳಿದಿದ್ದ ಈ ಸಂಗತಿಯನ್ನು ಹನಿ ಹನಿಯಾಗಿ ಅಳೆಯಬಹುದೆಂದು ತೋರಿಸಿದ್ದು ಪಾವ್ಲೋವರ ಹೆಚ್ಚುಗಾರಿಕೆ.

ಇವಾನ್ ಪೆಟ್ರೋವಿಚ್ ಪಾವ್ಲೋವ್ 1849ರಲ್ಲಿ ರಷ್ಯಾದ ರ‍್ಯಾಜಾನ್ ಪಟ್ಟಣದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ತಾವೂ ಪಾದ್ರಿಯಾಗಲೆಂದು ಸೆಮಿನರಿಯಲ್ಲಿ ಓದುತ್ತಿದ್ದವರು ಅದನ್ನು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ವಿಜ್ಞಾನ ಕಲಿತರು. ಅವರಿಗೆ 1904ರಲ್ಲಿ ನೊಬೆಲ್ ಬಹುಮಾನ ಬಂದದ್ದು, ಇಂದು ಅವರ ಹೆಸರಿಗೆ ಅಂಟಿಕೊಂಡಿರುವ ಸಂಶೋಧನೆಗಲ್ಲ, ಜೀರ್ಣಾಂಗಗಳ ಕಾರ್ಯವನ್ನು ಕುರಿತ ಅಧ್ಯಯನಕ್ಕೆ. ಬದುಕಿರುವ, ಆರೋಗ್ಯವಾಗಿರುವ ನಾಯಿಯ ಜಠರರಸವನ್ನು ಕೊಳವೆಯ ಮೂಲಕ ಹೊರಗೆ ತರುವ ಶಸ್ತ್ರಕ್ರಿಯೆಯಲ್ಲಿ ಅವರದು ಪಳಗಿದ ಕೈ. ಹಾಗೆ ಸಂಗ್ರಹಿಸಿದ ರಸವನ್ನು ಶುದ್ಧಗೊಳಿಸಿ, ಸೀಸೆಗೆ ತುಂಬಿ, ಅಜೀರ್ಣಕ್ಕೆ ಮದ್ದೆಂದು ಮಾರಿ ಪ್ರಯೋಗಾಲಯದ ಖರ್ಚಿಗೆ ಹಣ ಹೊಂದಿಸುತ್ತಿದ್ದರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಹೇಳಿದ್ದರೆ ಮಕ್ಕಳು ಆ ಪಾಠವನ್ನು ಖಂಡಿತ ಮರೆಯುತ್ತಿರಲಿಲ್ಲ.

ಜೀರ್ಣಕ್ರಿಯೆಯ ಈ ಪ್ರಯೋಗಗಳಿಗೆ ಅಡ್ಡಿಯಾಗಿ ಬಂದದ್ದೇ ಮುಂದೆ ಅವರ ಮುಖ್ಯ ವಿಷಯವಾಯಿತು. ಆಹಾರ ಬಾಯಿಗೆ ಬೀಳುವ ಮೊದಲೇ, ಅದನ್ನು ತರುವ ಆಳಿನ ಹೆಜ್ಜೆ ಸಪ್ಪಳಕ್ಕೆ, ತಟ್ಟೆಯನ್ನು ಕಂಡದ್ದಕ್ಕೆ ನಾಯಿಯ ಬಾಯಲ್ಲೂ ಹೊಟ್ಟೆಯಲ್ಲೂ ರಸ ಸ್ರವಿಸತೊಡಗುತ್ತಿತ್ತು. ಮೊದಮೊದಲು ಇದಕ್ಕೆ ಅವರ ಪ್ರಯೋಗಾಲಯದಲ್ಲಿದ್ದ ಹೆಸರು ‘ಮಾನಸಿಕ ಸ್ರಾವ’. ನಾಯಿಯ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುತ್ತ ಕೂತರೆ ವಿಜ್ಞಾನ ಮುಂದೆ ಹೋಗದು ಎಂದು ತೀರ್ಮಾನಿಸಿದ ಪಾವ್ಲೋವ್, ಲಾಲಾರಸದ ನಾಳದ ಬಾಯನ್ನು ಕೆನ್ನೆಯ ಹೊರಗೆ ತಿರುಗಿಸಿ, ಯಾವ ಸೂಚನೆಗೆ ಎಷ್ಟು ಹನಿ ಬೀಳುತ್ತದೆ ಎಂದು ಎಣಿಸಿದರು. 1903ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಈ ಹೊಸ ಕೆಲಸವನ್ನು ಲೋಕದ ಮುಂದಿಟ್ಟರು. 1936ರಲ್ಲಿ ಸಾಯುವವರೆಗೂ ಅದನ್ನು ಬಿಡಲಿಲ್ಲ. ಇನ್ನು ಆ ಪ್ರಸಿದ್ಧ ಗಂಟೆ. ಅದನ್ನು ಅವರು ಬಳಸಲೇ ಇಲ್ಲವೆಂದು ಈಚೆಗೆ ಕೆಲವರು ಬರೆಯುತ್ತಾರೆ, ಅದೂ ಪೂರ್ತಿ ಸರಿಯಲ್ಲ. ಬಳಸಿದ್ದುಂಟು, ಆದರೆ ಅವರ ಹೆಚ್ಚಿನ ಕೆಲಸ ನಡೆದದ್ದು ಒಂದೇ ಲಯದಲ್ಲಿ ಟಕಟಕ ಬಡಿಯುವ ಮೆಟ್ರೊನೋಮ್, ಬಜರ್, ಹಾರ್ಮೋನಿಯಂ, ದೀಪ, ಚರ್ಮದ ಮೇಲಿನ ಸ್ಪರ್ಶ ಇಂಥವುಗಳಿಂದ. ಸೂಚನೆಯನ್ನು ಕೂದಲೆಳೆಯಷ್ಟು ಬದಲಿಸಿ ನಾಯಿ ಆ ವ್ಯತ್ಯಾಸವನ್ನು ಗುರುತಿಸುತ್ತದೆಯೇ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ಅದಕ್ಕೆ ಊಟದ ಗಂಟೆ ಸಾಲದು.

ಅವರು ಇದಕ್ಕೆ ಇಟ್ಟ ರಷ್ಯನ್ ಹೆಸರಿನಲ್ಲಿರುವ ‘ಉಸ್ಲೋವ್ನಿ’ ಎಂಬ ವಿಶೇಷಣಕ್ಕೆ ‘ಷರತ್ತಿಗೆ ಒಳಪಟ್ಟ’ ಎಂದು ಅರ್ಥ. ಹುಟ್ಟಿನಿಂದ ಬಂದ ಪ್ರತಿಕ್ರಿಯೆ ಬೇಷರತ್ತಾದದ್ದು, ಕಲಿತದ್ದು ಷರತ್ತಿನದು. ಅವರ ಉಪನ್ಯಾಸಗಳು 1927ರಲ್ಲಿ ಇಂಗ್ಲಿಷಿಗೆ ಬಂದಾಗ ಆ ಪದ ‘ಕಂಡೀಷನ್ಡ್’ ಆಯಿತು, ಅಂದರೆ ಯಾರೋ ಪಳಗಿಸಿ ಒಂದು ಸ್ಥಿತಿಗೆ ತಂದು ನಿಲ್ಲಿಸಿದ್ದು ಎಂಬ ಧ್ವನಿ ಪಡೆಯಿತು. ಬೈಗುಳದ ನಾಯಿ ಹುಟ್ಟಿದ್ದು ಈ ಎರಡನೆಯ ಅರ್ಥದಿಂದ. ಪಾವ್ಲೋವ್ ತಾವು ಕಂಡದ್ದನ್ನು ‘ತಾತ್ಕಾಲಿಕ ಸಂಬಂಧ’ ಎಂದೂ ಕರೆಯುತ್ತಿದ್ದರು. ಷರತ್ತು ಇರುವವರೆಗೆ ಸಂಬಂಧ, ಷರತ್ತು ಮುರಿದರೆ ಅದು ಸಡಿಲ.

ಈ ಷರತ್ತು ಎಂಬುದರ ಅರ್ಥವನ್ನು ನಮ್ಮ ನಾಡಿನಲ್ಲಿ ದಿನಕ್ಕೆರಡು ಬಾರಿ ಕಣ್ಣಾರೆ ಕಾಣಬಹುದಾದ ಜಾಗ ಕೊಟ್ಟಿಗೆ. ಹಸುವಿನ ಕೆಚ್ಚಲು ತುಂಬಿದ್ದರೂ ಹಾಲಿನ ಬಹುಪಾಲು ಒಳಗಿನ ಸೂಕ್ಷ್ಮ ಗೂಡುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಬರೀ ಬೆರಳಿನ ಬಲದಿಂದ ಅದನ್ನು ಹೊರತರಲಾಗದು. ಕರು ಮೊಲೆಗೆ ಬಾಯಿ ಹಾಕಿದಾಗ, ಅಥವಾ ಕರೆಯುವವರು ಕೆಚ್ಚಲನ್ನು ತೊಳೆದು ನೀವಿದಾಗ, ಆ ಸ್ಪರ್ಶದ ಸುದ್ದಿ ಮಿದುಳಿಗೆ ಮುಟ್ಟಿ, ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಹಾಲಿನ ಗೂಡುಗಳನ್ನು ಸುತ್ತುವರಿದ ಜೀವಕೋಶಗಳು ಹಿಂಡಿದಂತೆ ಬಿಗಿಯಾದಾಗ ಹಾಲು ಇಳಿಯುತ್ತದೆ. ಇಲ್ಲಿಯವರೆಗಿನದು ಸಹಜ. ಆದರೆ ದಿನ ಕಳೆದಂತೆ ಬಕೆಟ್ಟಿನ ಸದ್ದಿಗೆ, ಹಿಂಡಿ ಬೂಸ ಕಲೆಸುವ ವಾಸನೆಗೆ, ದಿನವೂ ಕರೆಯುವವರು ಕೊಟ್ಟಿಗೆಯ ಬಾಗಿಲಲ್ಲಿ ಕಾಣಿಸಿಕೊಂಡದ್ದಕ್ಕೇ ಹಸು ಹಾಲಿಳಿಸತೊಡಗುತ್ತದೆ. ಯಾರೂ ಅದಕ್ಕೆ ಇದನ್ನು ಕಲಿಸಿದವರಲ್ಲ. ಅದೇ ಹಸುವಿನ ಮುಂದೆ, ಅದೇ ಹೊತ್ತಿಗೆ, ಅಪರಿಚಿತರೊಬ್ಬರು ಬಂದು ಕೂತರೆ, ಪಕ್ಕದಲ್ಲಿ ನಾಯಿ ಬೊಗಳಿದರೆ, ಹೆದರಿಕೆಯಿಂದ ಹೊಮ್ಮಿದ ಅಡ್ರಿನಲಿನ್ ಆಕ್ಸಿಟೋಸಿನ್ನಿನ ಕೆಲಸವನ್ನು ತಡೆದು, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಹಸು ಯಂತ್ರವಾಗಿದ್ದರೆ ಬಕೆಟ್ಟಿನ ಸದ್ದೊಂದೇ ಸಾಕಾಗಬೇಕಿತ್ತು. ಅದು ಇಡೀ ಸನ್ನಿವೇಶವನ್ನು ಅಳೆದು ನೋಡುತ್ತಿದೆ.

ಮಿಶ್ರತಳಿಯ ಹಸುಗಳಿಗಿಂತ ನಾಟಿ ಹಸುಗಳಲ್ಲೂ ಎಮ್ಮೆಗಳಲ್ಲೂ ಈ ಷರತ್ತುಗಳು ಬಿಗಿ. ಕರು ಕಣ್ಣೆದುರಿಗೆ ಇಲ್ಲದಿದ್ದರೆ ಎಷ್ಟೋ ಎಮ್ಮೆಗಳು ಹಾಲು ಕೊಡುವುದಿಲ್ಲ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ಪದ್ಧತಿ ಭಾರತದ ಹಲವೆಡೆ ಇದ್ದದ್ದು ಇದಕ್ಕಾಗಿಯೇ. ಅದನ್ನು ಬಿಟ್ಟು ಅಡ್ಡದಾರಿ ಹಿಡಿದವರು ಆಕ್ಸಿಟೋಸಿನ್ನನ್ನೇ ನೇರವಾಗಿ ಚುಚ್ಚತೊಡಗಿದರು. ಈ ದುರ್ಬಳಕೆಯನ್ನು ತಡೆಯಲೆಂದು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಅದನ್ನು ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನಲ್ಲಿರುವ ಸಾರ್ವಜನಿಕ ಉದ್ಯಮ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ಮಾತ್ರ ಆ ಹಕ್ಕು ಕೊಡಹೊರಟಿತು. ಹೆರಿಗೆಯ ರಕ್ತಸ್ರಾವವನ್ನು ನಿಲ್ಲಿಸಲು ಬೇಕೇಬೇಕಾದ ಔಷಧ ಅದಾದ್ದರಿಂದ ವಿರೋಧ ಎದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಎಮ್ಮೆಯ ಷರತ್ತೊಂದು ಕೋರ್ಟಿನ ಮೆಟ್ಟಿಲು ಹತ್ತಿದ ಕಥೆಯಿದು.

ಷರತ್ತು ಮುರಿದರೆ ಏನಾಗುತ್ತದೆ? ಮೆಟ್ರೊನೋಮ್ ಬಡಿದೂ ಆಹಾರ ಕೊಡದೆ ಹಲವು ಸಲ ಬಿಟ್ಟರೆ ನಾಯಿಯ ಜೊಲ್ಲು ಕಡಿಮೆಯಾಗುತ್ತ ಬಂದು ನಿಂತೇಹೋಗುತ್ತದೆ. ಬೈಗುಳದ ನಾಯಿಗೆ ಇದು ತಿಳಿಯದು; ಅದು ಕೊನೆಯಿಲ್ಲದೆ ಜೊಲ್ಲು ಸುರಿಸುತ್ತಲೇ ಇರುತ್ತದೆ. ಆದರೆ ನಿಜವಾದ ನಾಯಿಯ ವಿಷಯದಲ್ಲೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಿಂತುಹೋದ ಜೊಲ್ಲು ಕೆಲವು ಗಂಟೆಗಳ ಬಿಡುವಿನ ನಂತರ, ಯಾರೂ ಹೊಸದಾಗಿ ಏನನ್ನೂ ಕಲಿಸದಿದ್ದರೂ, ಮೆಟ್ರೊನೋಮ್ ಕೇಳಿದೊಡನೆ ತಿರುಗಿ ಬರುತ್ತಿತ್ತು. ಹಳೆಯ ಕಲಿಕೆ ಅಳಿಸಿಹೋಗಿಲ್ಲ, ಅದರ ಮೇಲೆ ಇನ್ನೊಂದು ಕಲಿಕೆ ಕೂತು ಅದನ್ನು ತಡೆಹಿಡಿದಿದೆ ಎಂದು ಪಾವ್ಲೋವ್ ಅರ್ಥಮಾಡಿಕೊಂಡರು. ನಂತರದ ಸಂಶೋಧನೆ ಈ ಮಾತನ್ನು ಗಟ್ಟಿಗೊಳಿಸಿದೆ: ಒಂದು ಕೋಣೆಯಲ್ಲಿ ಹೋಗಲಾಡಿಸಿದ ಭಯ ಇನ್ನೊಂದು ಕೋಣೆಯಲ್ಲಿ ತಲೆಯೆತ್ತುತ್ತದೆ. ವರ್ಷಗಟ್ಟಲೆ ಸಿಗರೇಟು ಬಿಟ್ಟವರಿಗೆ ಹಳೆಯ ಆಫೀಸಿನ ಹಿಂದಿನ ಚಹಾ ಅಂಗಡಿಗೆ ಹೋದೊಡನೆ ಚಪಲ ಹುಟ್ಟಿದರೆ ಅದನ್ನು ಮನೋದಾರ್ಢ್ಯದ ಕೊರತೆಯೆಂದು ಹಂಗಿಸುವವರು, ದೇಹ ಜಾಗಗಳನ್ನೂ ಲೆಕ್ಕದಲ್ಲಿಟ್ಟುಕೊಂಡಿರುತ್ತದೆ ಎಂಬುದನ್ನು ಮರೆಯುತ್ತಾರೆ.

1924ರ ಸೆಪ್ಟೆಂಬರಿನಲ್ಲಿ, ಆಗ ಲೆನಿನ್‌ಗ್ರಾಡ್ ಎಂದು ಕರೆಯುತ್ತಿದ್ದ ಸೇಂಟ್ ಪೀಟರ್ಸ್‌ಬರ್ಗಿಗೆ ದೊಡ್ಡ ನೆರೆ ಬಂತು. ಪ್ರಯೋಗಾಲಯದ ನಾಯಿಗಳು ತಮ್ಮ ಗೂಡುಗಳಲ್ಲಿ ಏರುತ್ತಿದ್ದ ನೀರಿನ ಮೇಲೆ ಮೂಗು ಎತ್ತಿಹಿಡಿದು ಈಜುತ್ತಿದ್ದವು. ಬಾಗಿಲುಗಳು ನೀರಿನಡಿ ಮುಳುಗಿದ್ದರಿಂದ, ಕೆಲಸದವರು ಅವುಗಳನ್ನು ಒಮ್ಮೆ ನೀರೊಳಗೆ ಎಳೆದೇ ಹೊರಗೆ ತರಬೇಕಾಯಿತು. ಬದುಕುಳಿದ ನಾಯಿಗಳಲ್ಲಿ ಕೆಲವು, ತಿಂಗಳುಗಟ್ಟಲೆ ಕಲಿತದ್ದನ್ನೆಲ್ಲ ಕಳೆದುಕೊಂಡವು. ನಿಧಾನವಾಗಿ ಚೇತರಿಸಿಕೊಂಡ ಮೇಲೂ, ಪ್ರಯೋಗದ ಕೋಣೆಯ ಬಾಗಿಲಿನಡಿಯಿಂದ ಸ್ವಲ್ಪ ನೀರು ಹರಿದುಬರುವಂತೆ ಮಾಡಿದರೆ ಸಾಕು, ಎಲ್ಲವೂ ಮತ್ತೆ ಕದಡುತ್ತಿತ್ತು. ಅದಕ್ಕೂ ಮೊದಲು ಅದೇ ಪ್ರಯೋಗಾಲಯದಲ್ಲಿ ಶೆಂಗರ್-ಕ್ರೆಸ್ತೋವ್ನಿಕೋವಾ ಎಂಬ ಸಂಶೋಧಕಿ, ವೃತ್ತ ಕಂಡರೆ ಆಹಾರ, ಅಂಡಾಕೃತಿ ಕಂಡರೆ ಏನೂ ಇಲ್ಲ ಎಂದು ನಾಯಿಯೊಂದಕ್ಕೆ ಕಲಿಸಿ, ಅಂಡಾಕೃತಿಯನ್ನು ಹಂತಹಂತವಾಗಿ ವೃತ್ತದ ಸಮೀಪಕ್ಕೆ ತರುತ್ತ ಹೋಗಿದ್ದರು. ಅದರ ಎರಡು ಅಕ್ಷಗಳ ಪ್ರಮಾಣ 9ಕ್ಕೆ 8 ಆದಾಗ ನಾಯಿಗೆ ವ್ಯತ್ಯಾಸ ಹಿಡಿಯುವುದು ಕಷ್ಟವಾಯಿತು. ಮೂರು ವಾರ ಹಾಗೇ ಮುಂದುವರಿಸಿದಾಗ ಅದುವರೆಗೆ ಶಾಂತವಾಗಿದ್ದ ಪ್ರಾಣಿ ಕಿರುಚತೊಡಗಿತು, ಒದ್ದಾಡಿತು, ಉಪಕರಣಗಳನ್ನು ಕಚ್ಚಿತು. ಸುಲಭವಾದ ವ್ಯತ್ಯಾಸಗಳನ್ನು ಗುರುತಿಸುವುದೂ ಅದಕ್ಕೆ ತಪ್ಪಿಹೋಯಿತು. ಈ ಪ್ರಯೋಗ ಕ್ರೂರವೆಂದೇ ನನಗೆ ಅನ್ನಿಸುತ್ತದೆ. ಅದೇನೇ ಇರಲಿ, ಯೋಚನೆಯೇ ಇಲ್ಲದ ಜೀವಕ್ಕೆ ಗೊಂದಲದಿಂದ ಹುಚ್ಚು ಹಿಡಿಯಲಾರದು.

ಬರೀ ಎರಡು ಸಂಗತಿಗಳು ಜೊತೆಜೊತೆಯಾಗಿ ಬಂದರೆ ಸಂಬಂಧ ಕುದುರುತ್ತದೆ ಎಂದು ಪಠ್ಯಪುಸ್ತಕಗಳು ಈಗಲೂ ಹೇಳುತ್ತವೆ. 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ರೆಸ್ಕೋರ್ಲಾ ಅದು ಸಾಲದೆಂದು ತೋರಿಸಿದರು. ಶಬ್ದ ಕೇಳಿದಾಗ ಇಲಿಗೆ ಎಷ್ಟು ಸಲ ಶಾಕ್ ಹೊಡೆಯುತ್ತದೋ, ಶಬ್ದವಿಲ್ಲದಾಗಲೂ ಅಷ್ಟೇ ಸಲ ಹೊಡೆದರೆ, ಇಲಿ ಶಬ್ದಕ್ಕೆ ಹೆದರುವುದನ್ನು ಕಲಿಯುವುದಿಲ್ಲ. ಏಕೆಂದರೆ ಆ ಶಬ್ದ ಅದಕ್ಕೆ ಹೊಸದೇನನ್ನೂ ತಿಳಿಸುತ್ತಿಲ್ಲ. ಸೂಚನೆಯೊಂದು ಮುಂದೆ ಬರುವುದರ ಬಗ್ಗೆ ಸುದ್ದಿ ಕೊಟ್ಟರೆ ಮಾತ್ರ ದೇಹ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳುತ್ತದೆ. ಯಾವ ಸೂಚನೆ ಯಾವುದರ ಸುದ್ದಿ ಕೊಡಬಲ್ಲದು ಎಂಬುದರಲ್ಲೂ ದೇಹಕ್ಕೆ ತನ್ನದೇ ಪೂರ್ವಗ್ರಹಗಳಿವೆ. 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೋಯೆಲಿಂಗ್ ನಡೆಸಿದ ಪ್ರಯೋಗದಲ್ಲಿ, ನೀರು ಕುಡಿಯುವಾಗ ರುಚಿಯೂ ಬೆಳಕೂ ಸದ್ದೂ ಒಟ್ಟಿಗಿದ್ದವು. ಆಮೇಲೆ ಹೊಟ್ಟೆ ಕೆಟ್ಟ ಇಲಿಗಳು ರುಚಿಯನ್ನು ದೂರಿದವು, ಶಾಕ್ ತಿಂದ ಇಲಿಗಳು ಬೆಳಕು ಸದ್ದುಗಳನ್ನು ದೂರಿದವು. ಮದುವೆಮನೆಯಲ್ಲಿ ಉಂಡು ರಾತ್ರಿ ವಾಂತಿಯಾದವರಿಗೆ ಮುಂದೆ ವರ್ಷಗಟ್ಟಲೆ ಹೇಸಿಗೆಯಾಗುವುದು ಅಂದು ಬಡಿಸಿದ ಕೇಸರಿಬಾತೇ ಹೊರತು, ವಾಲಗದ ಸದ್ದಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಹೆಚ್ಚು ಕುಖ್ಯಾತವಾದದ್ದು 1920ರಲ್ಲಿ ಜಾನ್ ವಾಟ್ಸನ್ ಮತ್ತು ರೋಸಾಲಿ ರೇನರ್ ಪ್ರಕಟಿಸಿದ್ದು. ಬಿಳಿ ಇಲಿಯನ್ನು ತೋರಿಸಿ ಬೆನ್ನ ಹಿಂದೆ ಉಕ್ಕಿನ ಸರಳನ್ನು ಬಡಿಯುತ್ತ, ವರ್ಷ ತುಂಬದ ಕೂಸಿಗೆ ಅವರು ಭಯ ಕಲಿಸಿದರು. ಅದನ್ನು ಕಳೆಯದೆಯೇ ಮಗುವನ್ನು ಕಳಿಸಿಕೊಟ್ಟರು. ನಾಲ್ಕು ವರ್ಷಗಳ ನಂತರ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಇನ್ನೊಬ್ಬ ಹುಡುಗ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಹತ್ತಿರ ತಂದು, ಕೊನೆಗೆ ಅವನೇ ಅದನ್ನು ಮುಟ್ಟುವಂತೆ ಮಾಡಿದರು. ಮೊದಲಿನದು ಎಲ್ಲ ಪಠ್ಯಗಳಲ್ಲೂ ಇದೆ, ಎರಡನೆಯದಕ್ಕೆ ಸಿಗುವುದು ಒಂದೆರಡು ಸಾಲು.

ದೇಹದ ಈ ಮುನ್ನೆಚ್ಚರಿಕೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಹೆರಾಯಿನ್ ರೂಢಿಯಾದ ಇಲಿಗಳಿಗೆ ದೊಡ್ಡ ಪ್ರಮಾಣವನ್ನು ಎಂದಿನ ಕೋಣೆಯಲ್ಲೇ ಕೊಟ್ಟಾಗ ನೂರಕ್ಕೆ ಸುಮಾರು 32 ಸತ್ತವು, ಹೊಸ ಕೋಣೆಯಲ್ಲಿ ಕೊಟ್ಟಾಗ ಸುಮಾರು 64 ಸತ್ತವು; ಮೊದಲ ಸಲ ಅದನ್ನು ಪಡೆದ ಇಲಿಗಳಲ್ಲಿ ಸುಮಾರು 96 ಸತ್ತವು. ಎಂದಿನ ಕೋಣೆಯನ್ನು ಕಂಡೊಡನೆ ದೇಹ ಮದ್ದಿನ ವಿರುದ್ಧ ಮುಂಚಿತವಾಗಿ ಸಜ್ಜಾಗುತ್ತದೆ, ಅಪರಿಚಿತ ಕೋಣೆಯಲ್ಲಿ ಆ ಸಿದ್ಧತೆಯಿಲ್ಲ. ಇಲ್ಲಿ ಕಲಿತ ಪ್ರತಿಕ್ರಿಯೆ ಮದ್ದಿನ ಪರಿಣಾಮದ ನಕಲಲ್ಲ, ಅದಕ್ಕೆ ನೇರ ಎದುರಾದದ್ದು. ಹಾಗಿರುವಾಗ ಇದನ್ನು ನಿರೀಕ್ಷೆ ಎನ್ನದೆ ಬೇರೆ ಯಾವ ಹೆಸರಿನಿಂದ ಕರೆಯಬೇಕೋ ನನಗೆ ತೋಚದು.

ಟೀವಿಯಲ್ಲಿ ಎಗರಾಡುವವರ ಮಾತಿಗೆ ಬರುವುದಾದರೆ, ಅವರದು ಅನುಬಂಧಿತ ಪ್ರತಿಕ್ರಿಯೆಯೇ ಅಲ್ಲ. ಪಾವ್ಲೋವ್ ತಮ್ಮ ಕೊನೆಯ ವರ್ಷಗಳಲ್ಲಿ ಮನುಷ್ಯರ ಮಾತನ್ನು ‘ಸಂಕೇತಗಳ ಸಂಕೇತ’ ಎಂದು ಕರೆದಿದ್ದರು, ಹುಣಸೆ ಎಂಬ ಹೆಸರಿಗೆ ನೀರೂರುವುದು ಹಾಗೆಯೇ. ಒಂದು ಪದ ಕೇಳಿ ಎದೆ ಬಡಿತ ಏರಿದರೆ, ಅಂಗೈ ಬೆವೆತರೆ, ಅದು ಕಲಿತ ಪ್ರತಿಕ್ರಿಯೆ ಇದ್ದೀತು. ಅದರ ಮೇಲೆ ಯಾರಿಗೂ ಹಿಡಿತವಿಲ್ಲ. ಮೈಕು ಕಸಿದುಕೊಳ್ಳುವುದು, ಮೂರು ಪ್ಯಾರಾ ಟೈಪು ಮಾಡಿ ಕಳಿಸುವುದು ಮಾಡಿದ ಕೆಲಸ. ಅದಕ್ಕೆ ನಾಯಿಯನ್ನು ಹೊಣೆ ಮಾಡುವುದೂ, ನಾಯಿಯ ಹೆಸರು ಹೇಳಿ ಅವರಿಗೆ ವಿನಾಯಿತಿ ಕೊಡುವುದೂ ಎರಡೂ ಸಲ್ಲದು.

ಈ ಪದ ನಿಜವಾಗಿ ಬಳಕೆಗೆ ಬರಬೇಕಾದ ಜಾಗ ಆಸ್ಪತ್ರೆ. ಮನೆಯಲ್ಲಿ ಸರಿಯಾಗಿರುವ ರಕ್ತದೊತ್ತಡ ಡಾಕ್ಟರ ಎದುರು ಕೂತಾಗ ಏರುವವರಿದ್ದಾರೆ. ಅದಕ್ಕೇ ಮನೆಯಲ್ಲೂ ಅಳೆದು ಬರೆದಿಟ್ಟುಕೊಳ್ಳಲು ಹೇಳುತ್ತಾರೆ. ಕಿಮೊಥೆರಪಿಗೆ ಹೋಗಿಬರುವವರಲ್ಲಿ ಕೆಲವರಿಗೆ ಕೆಲವು ಸುತ್ತುಗಳ ನಂತರ, ಮದ್ದು ಮೈಗೆ ಸೇರುವ ಮೊದಲೇ, ಆ ಕಾರಿಡಾರಿನ ವಾಸನೆಗೇ ವಾಕರಿಕೆ ಶುರುವಾಗುತ್ತದೆ. ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವ ಬಂಧುಗಳೂ, ತನ್ನದೇ ಪುಕ್ಕಲುತನವೆಂದು ನಾಚುವ ರೋಗಿಯೂ ನಮ್ಮಲ್ಲಿ ಸಾಮಾನ್ಯ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಐಲೀನ್ ಬರ್ನ್‌ಸ್ಟೀನ್ 1978ರಲ್ಲಿ, ಕಿಮೊಥೆರಪಿಗೆ ಮುಂಚೆ ಹೊಸ ರುಚಿಯ ಐಸ್‌ಕ್ರೀಮು ತಿಂದ ಮಕ್ಕಳು ಮುಂದೆ ಆ ಐಸ್‌ಕ್ರೀಮನ್ನು ಬೇಡವೆನ್ನುವುದನ್ನು ತೋರಿಸಿದರು. 1987ರಲ್ಲಿ ಅವರೂ ಸಹೋದ್ಯೋಗಿಯೊಬ್ಬರೂ ಸೇರಿ ಅದನ್ನೇ ಉಪಾಯವಾಗಿ ತಿರುಗಿಸಿದರು: ಊಟಕ್ಕೂ ಚಿಕಿತ್ಸೆಗೂ ನಡುವೆ ಗಾಢವಾದ, ಅಪರಿಚಿತ ರುಚಿಯ ಮಿಠಾಯಿಯೊಂದನ್ನು ಮಗುವಿಗೆ ಕೊಟ್ಟರೆ, ವಾಕರಿಕೆಯ ದೂರೆಲ್ಲ ಬಹುಮಟ್ಟಿಗೆ ಆ ಮಿಠಾಯಿಯ ತಲೆಗೆ ಬಂದು, ಮಗುವಿನ ಎಂದಿನ ಊಟ ಉಳಿದುಕೊಳ್ಳುತ್ತಿತ್ತು. ಚಿಕಿತ್ಸೆಯ ದಿನ ಮಗು ಸೊರಗಿದೆಯೆಂದು ಅದಕ್ಕೆ ಅತಿ ಇಷ್ಟವಾದ ತಿಂಡಿಯನ್ನೇ ಮಾಡಿ ಡಬ್ಬಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋಗುವ ತಾಯಂದಿರಿಗೆ ಇದನ್ನು ಯಾರಾದರೂ ಮೊದಲೇ ಹೇಳಿದರೆ ಒಳ್ಳೆಯದು.